ಕೆಮ್ಮಣ್ಣಿನ ಬಣ್ಣದ ಲಗ್ನಪತ್ರಿಕೆ

2025ರ ಮೇ ತಿಂಗಳಲ್ಲಿ ನನ್ನ ತಮ್ಮನ ಮದುವೆ ಆಯಿತು. ಕಾರ್ಡ್ ಎಲ್ಲಿ ಮಾಡಿಸಿದ್ರಿ ಅಂತ ಈಗಲೂ ಜನ ಕೇಳುತ್ತಾರೆ. ಆಫೀಸಿನಲ್ಲಿ ಒಬ್ಬರು ಮಗಳ ಮದುವೆಗೆ ಅಂತ ಫೋಟೊ ತೆಗೆದುಕೊಂಡು ಹೋದರು. ಅಂಗಡಿ ಹೆಸರು ಹೇಳಿ ಸುಮ್ಮನಾಗಲು ನನಗೆ ಮನಸ್ಸಾಗುವುದಿಲ್ಲ. ಆ ಕಾರ್ಡ್ ಕೈಗೆ ಬರಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಕಲಿತದ್ದು ಬಹಳ.

ನಮ್ಮದು ಸಾಗರ ತಾಲ್ಲೂಕು. ನಾವು ದೀವರ ಸಮುದಾಯದವರು. ನಮ್ಮಲ್ಲಿ ಮದುವೆ ಅಂದರೆ ಗೋಡೆಗೆ ಹಸೆ ಚಿತ್ತಾರ ಬರೆಯಲೇಬೇಕು. ಗೋಡೆಗೆ ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳಿಯಲ್ಲಿ ಎಳೆ ಎಳೆಯುತ್ತಾರೆ. ಕಪ್ಪಿಗೆ ಅಕ್ಕಿಯನ್ನು ಕರಿಯಾಗುವ ತನಕ ಹುರಿದು ಅರೆಯುತ್ತಾರೆ. ಹಳದಿಗೆ ಗುರಿಗೆ ಬೀಜ. ಕುಂಚ ಪುಂಡಿ ನಾರಿನದು. ದಂಡಿಗೆ ಅಂದರೆ ಪಲ್ಲಕ್ಕಿ, ಅದರೊಳಗೆ ಮದುಮಕ್ಕಳ ಗೊಂಬೆ, ಸುತ್ತ ಎಳೆಗಳ ಅಂಚು. ಮದುಮಕ್ಕಳನ್ನು ಅದರ ಎದುರು ಹಸೆಗೆ ಕೂರಿಸುತ್ತಾರೆ. ನಮ್ಮ ಮನೆಯಲ್ಲಿ ಇದನ್ನು ಬರೆಯುವವರು ದೊಡ್ಡಮ್ಮ. ನನ್ನ ಕೈ ಅಷ್ಟು ನೇರ ಓಡುವುದಿಲ್ಲ. ಬುಟ್ಟಿ ಹಿಡಿದುಕೊಂಡು ಪಕ್ಕದಲ್ಲಿ ಕೂರುವುದು ಮಾತ್ರ ಗೊತ್ತು. ಭೂಮಿ ಹುಣ್ಣಿಮೆಗೆ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವಾಗ ಚಿಕ್ಕಂದಿನಿಂದ ನನ್ನ ಕೆಲಸ ಅದೇ ಆಗಿತ್ತು.

ಆದರೂ ಕಾರ್ಡ್ ವಿಷಯಕ್ಕೆ ಮೊದಲು ನನಗೆ ಚಿತ್ತಾರ ನೆನಪಾಗಲಿಲ್ಲ. ಫೆಬ್ರವರಿಯಲ್ಲಿ ಒಂದು ಆನ್‌ಲೈನ್ ಅಂಗಡಿಯಲ್ಲಿ ಆರ್ಡರ್ ಹಾಕಿದೆ. ನಿಮಗೆ ಬೇಕಾದ ಹಾಗೆ ಡಿಸೈನ್ ಮಾಡಿಕೊಡುತ್ತೇವೆ ಅಂತ ಅಲ್ಲಿತ್ತು. ಬೇಕಾದ ಹಾಗೆ ಅಂದರೆ ಅವರಲ್ಲಿದ್ದ ಆನೆ, ನವಿಲು, ಕಮಲಗಳ ನಡುವೆ ನಮ್ಮ ಹೆಸರು ಹಾಕುವುದು. ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಪ್ರೂಫ್ ಬಂದಾಗ ಎದೆ ಧಸಕ್ ಅಂದಿತು. ಎಲ್ಲಕ್ಕಿಂತ ಮೇಲಿದ್ದ 'ಶ್ರೀ' ಒಡೆದು ಹೋಗಿತ್ತು. ಶ ಬೇರೆ, ರ ಬೇರೆ, ನಡುವೆ ಗಾಳಿಯಲ್ಲಿ ತೇಲುವ ಒಂದು ದೀರ್ಘ. 'ಮುಹೂರ್ತ'ದ ಅರ್ಕಾವತ್ತು ಇರಲೇ ಇಲ್ಲ. ಬರೆದು ಕಳಿಸಿದರೆ, ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗೇ ಕಾಣುತ್ತಿದೆ ಅಂತ ಉತ್ತರ ಬಂತು.

ಇದು ಯಾಕೆ ಹೀಗಾಗುತ್ತದೆ ಅಂತ ನನ್ನ ಕಾಲೇಜು ಗೆಳತಿ ಹೇಳಿದಳು. ಅವಳು ಡಿಸೈನ್ ಕೆಲಸ ಮಾಡುತ್ತಾಳೆ. ನಾವು ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸುವ ಕನ್ನಡ ಯೂನಿಕೋಡ್ ಅನ್ನುವ ವ್ಯವಸ್ಥೆಯಲ್ಲಿ ಇರುತ್ತದೆ. ಡಿಸೈನ್ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳಿಗೆ ಅಂತ ಇರುವ ಸೆಟ್ಟಿಂಗ್ ಆನ್ ಮಾಡದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಕನ್ನಡ ಓದಲು ಬಾರದವರಿಗೆ ಅದು ತಪ್ಪು ಅಂತ ಗೊತ್ತೇ ಆಗುವುದಿಲ್ಲ. ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಇನ್ನೂ 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೆಯ ಫಾಂಟುಗಳಲ್ಲಿ ಕೆಲಸ ನಡೆಯುತ್ತದೆ. ಅಲ್ಲಿ ಒತ್ತಕ್ಷರ ಒಡೆಯುವುದಿಲ್ಲ, ಆದರೆ ನೀವು ಕಳಿಸಿದ್ದನ್ನು ಹೊಸದಾಗಿ ಟೈಪ್ ಮಾಡುತ್ತಾರೆ. ಹೊಸ ತಪ್ಪುಗಳು ಅಲ್ಲಿ ಹುಟ್ಟುತ್ತವೆ. ಯಾವ ದಾರಿ ಹಿಡಿದರೂ ಕೊನೆಯ ಪ್ರೂಫನ್ನು ಕನ್ನಡ ಓದುವ ಎರಡು ಜೊತೆ ಕಣ್ಣು ನೋಡಲೇಬೇಕು.

ಆ ಅಂಗಡಿಯಲ್ಲಿ ಇನ್ನೊಂದು ವಿಷಯ ನನ್ನನ್ನು ಹೆಚ್ಚು ನೋಯಿಸಿತು. ಫಾರ್ಮ್ ತುಂಬುವಾಗ ಆಹ್ವಾನಿಸುವವರು ಅಂತ ಇರುವಲ್ಲಿ ತಂದೆಯ ಹೆಸರು ಹಾಕದೆ ಮುಂದೆ ಹೋಗಲು ಬಿಡಲಿಲ್ಲ. ಅಪ್ಪ ತೀರಿಕೊಂಡು ಆರು ವರ್ಷ. ಅಡಿಕೆ ತೋಟ ನೋಡಿಕೊಂಡು, ತಮ್ಮನನ್ನು ಓದಿಸಿ, ಹುಡುಗಿ ನೋಡಿ, ಛತ್ರ ಗೊತ್ತು ಮಾಡಿದ್ದು ಅಮ್ಮ. ಕರೆಯುವವರು ಅವರೇ ಅಲ್ವಾ? ಸಾಮಾನ್ಯವಾಗಿ ಇಂಥ ಕಡೆ 'ದಿ||' ಅಂತ ಅಪ್ಪನ ಹೆಸರು ಮೊದಲು ಬರುತ್ತದೆ, ಅಮ್ಮನ ಹೆಸರು ಅದರ ಬಾಲ ಹಿಡಿದುಕೊಂಡು ಬರುತ್ತದೆ. ಎಷ್ಟೋ ಕಾರ್ಡುಗಳಲ್ಲಿ ತಾಯಿಯ ಬದಲು ಚಿಕ್ಕಪ್ಪ, ದೊಡ್ಡಪ್ಪ ಕರೆಯುತ್ತಾರೆ. ನಾನು ಆ ಆರ್ಡರ್ ರದ್ದು ಮಾಡಿದೆ. ಮುಂಗಡದ ಅರ್ಧ ಮಾತ್ರ ವಾಪಸ್ ಬಂತು.

ಅದೇ ವಾರ ಊರಿಗೆ ಹೋದಾಗ ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವರು ಅಡಿಕೆ ಆರಿಸುತ್ತಾ ಕೇಳಿಸಿಕೊಂಡರು. ಆಮೇಲೆ, "ಎಂತಕ್ಕೆ ಮಾರಾಯ್ತಿ, ಆನೆ ನವಿಲು? ಗೋಡೆ ಮೇಲೆ ಬರೆಯುವುದನ್ನೇ ಪೇಪರಿಗೆ ಬರೆದು ಕೊಡ್ತೇನೆ" ಅಂದರು. ಇದು ನನಗೆ ಯಾಕೆ ಹೊಳೆದಿರಲಿಲ್ಲ ಅಂತ ಈಗಲೂ ಆಶ್ಚರ್ಯ.

ಬಿಳಿ ಹಾಳೆ, ಕಪ್ಪು ಪೆನ್ನು ಕೊಟ್ಟೆ. ಅವರಿಗೆ ಕೈ ಓಡಲಿಲ್ಲ. ಕೆಂಪಿನ ಮೇಲೆ ಬಿಳಿ ಎಳೆದು ಅಭ್ಯಾಸವಾದ ಕೈ ಅದು. ತೆಳು ರಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿಕೊಟ್ಟೆ. ಎರಡು ಮಧ್ಯಾಹ್ನ ಕೂತು ಬರೆದರು. ಅದನ್ನು ಸುರುಳಿ ಸುತ್ತಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ತಂದೆ. ಬೆಳಿಗ್ಗೆ ಬಿಚ್ಚಿದರೆ ಅಕ್ಕಿಯ ಬಿಳಿ ಬಿರುಕು ಬಿಟ್ಟು ಉದುರಿತ್ತು. ಎರಡನೇ ಸಲ ದೊಡ್ಡಮ್ಮ ಬಿಳಿ ಪೋಸ್ಟರ್ ಬಣ್ಣದಲ್ಲಿ ಬರೆದರು, ಕುಂಚ ಮಾತ್ರ ಪುಂಡಿ ನಾರಿನದೇ. ಈ ಸಲ ಎರಡು ರಟ್ಟಿನ ನಡುವೆ ಮಟ್ಟಸವಾಗಿ ಇಟ್ಟು ತಂದೆ. ಕೈಯಲ್ಲಿ ಬರೆದದ್ದನ್ನು ಯಾವತ್ತೂ ಸುತ್ತಬೇಡಿ.

ಗೆಳತಿ ಅದನ್ನು 600 ಡಿಪಿಐನಲ್ಲಿ, ಅಂದರೆ ಸಣ್ಣ ಎಳೆಯೂ ತಪ್ಪದ ಹಾಗೆ, ಸ್ಕ್ಯಾನ್ ಮಾಡಿದಳು. ಕಂಪ್ಯೂಟರ್ ತಾನೇ ಎಳೆಗಳನ್ನು ಗುರುತಿಸಿ ತಿದ್ದುವ ಒಂದು ವಿಧಾನ ಇದೆ. ಅದನ್ನು ಹಾಕಿದ ತಕ್ಷಣ ಎಲ್ಲ ಎಳೆಗಳೂ ಸ್ಕೇಲ್ ಇಟ್ಟು ಎಳೆದ ಹಾಗೆ ಆದವು. ಚೆನ್ನಾಗಿ ಕಾಣುತ್ತಿತ್ತು, ಆದರೆ ದೊಡ್ಡಮ್ಮ ಅದರಲ್ಲಿ ಇರಲಿಲ್ಲ. ಬಣ್ಣ ಮುಗಿಯುತ್ತಾ ಬಂದಾಗ ಎಳೆ ಸಣ್ಣಗಾಗುವುದು, ಮತ್ತೆ ಅದ್ದಿದಾಗ ದಪ್ಪಗಾಗುವುದು, ಎಲ್ಲವೂ ಹಾಗೇ ಇರಲಿ ಅಂತ ಕೇಳಿಕೊಂಡೆ. ಅವಳು ಮೂರು ರಾತ್ರಿ ಕೂತು ಕೈಯಲ್ಲೇ ಸ್ವಚ್ಛ ಮಾಡಿದಳು.

ಮಾರ್ಚ್ ಎರಡನೇ ವಾರ ಅದನ್ನು ಹಿಡಿದುಕೊಂಡು ಸುಲ್ತಾನ್‌ಪೇಟೆಗೆ ಹೋದೆ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ಬೀದಿ ತುಂಬ ಕಾರ್ಡ್ ಅಂಗಡಿ, ಪೇಪರ್ ಅಂಗಡಿ. ನಾಲ್ಕು ಅಂಗಡಿಯಲ್ಲಿ ಆಲ್ಬಂ ತೆಗೆದು ಮುಂದೆ ಇಟ್ಟರು. ನಮ್ಮದೇ ಡಿಸೈನ್ ಇದೆ ಅಂದರೆ, ಬಿಳಿ ಕಾರ್ಡಿನ ಮೇಲೆ ಕೆಂಪು ಹೊಡೆದುಕೊಡುತ್ತೇವೆ ಅಂದರು. ಒಂದು ಕಡೆ ಸ್ಯಾಂಪಲ್ ಹೊಡೆಸಿದೆ. ಬಿಳಿ ಕಾಗದದ ಮೇಲೆ ನಾಲ್ಕು ಬಣ್ಣ ಸೇರಿಸಿ ಕೆಂಪು ತುಂಬಿದಾಗ, ಬಿಳಿ ಎಳೆ ಅಂದರೆ ಬಣ್ಣ ಬೀಳದೆ ಬಿಟ್ಟ ಜಾಗ. ಕಾಗದ ಶಾಯಿ ಹೀರಿಕೊಂಡು ಆ ಜಾಗ ಮುಚ್ಚಿಹೋಗುತ್ತದೆ. ಸಣ್ಣ ಎಳೆಗಳೆಲ್ಲ ಮಾಯವಾಗಿದ್ದವು. ಅಂಚಿನಲ್ಲಿ ಗುಲಾಬಿ ನೆರಳು ಬೇರೆ.

ಐದನೆಯ ಅಂಗಡಿ ಮಹಡಿಯ ಮೇಲಿನ ಒಂದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಪ್ರೆಸ್. ಅಲ್ಲಿನ ಯಜಮಾನರು ದೊಡ್ಡಮ್ಮ ಬರೆದ ರಟ್ಟನ್ನೇ ಕೇಳಿದರು. ಕಿಟಕಿಯ ಹತ್ತಿರ ಹಿಡಿದು ನೋಡಿ, "ಮೇಡಂ, ಅವರು ಕೆಂಪಿನ ಮೇಲೆ ಬಿಳಿ ಹಾಕಿದ್ದಾರೆ. ನಾವೂ ಹಾಗೇ ಮಾಡೋಣ. ಕೆಂಪು ಕಾಗದ ತನ್ನಿ, ಬಿಳಿ ನಾನು ಹೊಡೀತೀನಿ" ಅಂದರು. ಅಷ್ಟೇ. ಎರಡು ವಾರದಿಂದ ನಾವೆಲ್ಲ ತಲೆಕೆಳಗಾಗಿ ಯೋಚನೆ ಮಾಡುತ್ತಿದ್ದೆವು.

ಕೆಲಸ ನಡೆಯುವುದನ್ನು ನಿಂತು ನೋಡಿದೆ. ಚಿತ್ತಾರವನ್ನು ಕಪ್ಪಾಗಿ ಫಿಲಂ ಮೇಲೆ ತೆಗೆಯುತ್ತಾರೆ. ಚೌಕಟ್ಟಿಗೆ ಬಿಗಿದ ಬಲೆ ಬಟ್ಟೆಗೆ ಒಂದು ದ್ರಾವಣ ಬಳಿದು, ಒಣಗಿದ ಮೇಲೆ ಫಿಲಂ ಇಟ್ಟು ಬೆಳಕು ಬಿಡುತ್ತಾರೆ. ಬೆಳಕು ಬಿದ್ದ ಕಡೆ ಅದು ಗಟ್ಟಿಯಾಗುತ್ತದೆ. ಎಳೆ ಇದ್ದ ಕಡೆ ನೀರಿನಲ್ಲಿ ತೊಳೆದು ಹೋಗುತ್ತದೆ. ಆ ತೆರೆದ ಜಾಗದಿಂದ ರಬ್ಬರ್ ಪಟ್ಟಿಯಲ್ಲಿ ಬಿಳಿ ಶಾಯಿ ಎಳೆದರೆ ಕೆಳಗಿನ ಕಾಗದಕ್ಕೆ ಚಿತ್ತಾರ ಇಳಿಯುತ್ತದೆ. ಕೆಂಪಿನ ಮೇಲೆ ಒಂದು ಸಲಕ್ಕೆ ಬಿಳಿ ಮಂಕಾಗಿತ್ತು. ಎರಡನೇ ಸಲ ಎಳೆದಾಗ ಅಕ್ಕಿ ಹಿಟ್ಟಿನದ್ದೇ ಬಿಳಿ. ಬೆರಳಾಡಿಸಿದರೆ ಎಳೆ ಸ್ವಲ್ಪ ಉಬ್ಬಿದ್ದು ಗೊತ್ತಾಗುತ್ತದೆ. ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್, ಬೇರೆ ಕೂಲಿ. ಬಿಳಿ, ಹಳದಿ ಎರಡೇ ಇಟ್ಟುಕೊಂಡೆವು. ಕಪ್ಪು ಬಿಟ್ಟೆವು, ದೊಡ್ಡಮ್ಮ ಒಪ್ಪಿದ ಮೇಲೆ.

ಕಾಗದ ಹುಡುಕಲು ಒಂದು ಶನಿವಾರ ಪೂರ್ತಿ ಹೋಯಿತು. ರಟ್ಟಿನ ಒಂದು ಚೂರು ಕೈಯಲ್ಲಿ ಹಿಡಿದುಕೊಂಡು ಅಂಗಡಿ ಅಂಗಡಿ ಸುತ್ತಿದೆ. ಫೋನಿನಲ್ಲಿ ಬಣ್ಣ ತೋರಿಸಿ ಕೇಳಿದರೆ ಉಪಯೋಗ ಇಲ್ಲ. ಕೊನೆಗೆ ಇಟ್ಟಿಗೆ ಕೆಂಪಿನ 300 ಜಿಎಸ್‌ಎಂನ ದಪ್ಪ ಕಾಗದ ಸಿಕ್ಕಿತು. ಕವರ್ ಸೇರಿ ಒಂದು ಕಾರ್ಡಿಗೆ 44 ರೂಪಾಯಿ, 600 ಕಾರ್ಡಿಗೆ 26,400. ರೆಡಿಮೇಡ್ ಕಾರ್ಡ್ ಇದರ ಅರ್ಧಕ್ಕೂ ಕಡಿಮೆಗೆ ಸಿಗುತ್ತಿತ್ತು. ವಾಟ್ಸಾಪಿನಲ್ಲಿ ಕಳಿಸಿದರೆ ಸಾಕಲ್ವಾ ಅಂತ ತಮ್ಮ ಹೇಳಿದ. ಅವನ ಗೆಳೆಯರಿಗೆ ಹಾಗೇ ಕಳಿಸಿದೆವು. ಆದರೆ ಊರಲ್ಲಿ ಕರೆಯಲು ಹೋಗುವಾಗ ಬರಿಗೈಲಿ ಹೋಗಲು ಆಗುವುದಿಲ್ಲ.

ಮ್ಯಾಟರ್ ನಾನೇ ಬರೆದೆ. ಅಮ್ಮನ ಹೆಸರಿನಿಂದ ಶುರು. "ನನ್ನ ಮಗನ ಮದುವೆಗೆ ನೀವೆಲ್ಲ ಬರಬೇಕು" ಅಂತ ಅಮ್ಮ ಹೇಳುವ ಮಾತಿನಲ್ಲೇ ಇತ್ತು. ಅಪ್ಪನ ಹೆಸರು ತಮ್ಮನ ಹೆಸರಿನ ಜೊತೆ ಬಂತು, ಇಂಥವರ ಮಗ ಅಂತ. ಚಿಕ್ಕಪ್ಪ ಓದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸರಿಯಾಗೇ ಉಂಟು" ಅಂದರು.

ಪ್ರೂಫ್ ಬಂದದ್ದು ಮಾರ್ಚ್ 20ರ ಸುಮಾರಿಗೆ. ಗೆಳತಿ, ನಾನು ಇಬ್ಬರೂ ಓದಿದೆವು, ಒತ್ತಕ್ಷರ ಎಲ್ಲ ಸರಿ ಇತ್ತು. ಅಮ್ಮನಿಗೆ ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. 'ಕ್ರೋಧಿ ನಾಮ ಸಂವತ್ಸರ' ಅನ್ನುತ್ತಿದ್ದ ಹಾಗೇ ಅಮ್ಮ ತಡೆದರು. "ಮದುವೆ ಯುಗಾದಿ ಕಳೆದ ಮೇಲಲ್ವನೇ?" ಹೌದು. ಆವತ್ತು ನಡೆಯುತ್ತಿದ್ದದ್ದು ಕ್ರೋಧಿ. ಆದರೆ ಮಾರ್ಚ್ 30ಕ್ಕೆ ಯುಗಾದಿ, ಅಲ್ಲಿಂದ ವಿಶ್ವಾವಸು. ಮದುವೆ ಇದ್ದದ್ದು ವೈಶಾಖದಲ್ಲಿ. ಯಾರೂ ತಪ್ಪು ಟೈಪ್ ಮಾಡಿರಲಿಲ್ಲ, ನಾನೇ ಆ ದಿನದ ಕ್ಯಾಲೆಂಡರ್ ನೋಡಿ ಬರೆದಿದ್ದೆ. ಯುಗಾದಿಗೆ ಮೊದಲು ಕಾರ್ಡ್ ಮಾಡಿಸುವವರು ಇದನ್ನು ಖಂಡಿತ ನೋಡಿಕೊಳ್ಳಿ. ಪ್ರೂಫನ್ನು ಕಣ್ಣಲ್ಲಿ ಓದಿದರೆ ಸಾಲದು, ಮನೆಯ ಹಿರಿಯರಿಗೆ ಬಾಯಿಬಿಟ್ಟು ಓದಿ ಹೇಳಿ.

ಏಪ್ರಿಲ್ ಎರಡನೇ ವಾರ ಕಾರ್ಡ್ ಕೈಗೆ ಬಂತು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಮೊದಲನೆಯದನ್ನು ಸಿಗಂದೂರು ಚೌಡಮ್ಮನಿಗೆ ಒಯ್ದೆವು. ಶರಾವತಿ ಹಿನ್ನೀರಿನ ಸೇತುವೆ ಉದ್ಘಾಟನೆ ಆದದ್ದು ಆ ಜುಲೈನಲ್ಲಿ, ನಾವು ಹೋದಾಗ ಇನ್ನೂ ಲಾಂಚೇ ಗತಿ. ಹೊಳೆಬಾಗಿಲಿನಲ್ಲಿ ಒಂದು ಗಂಟೆ ಕಾದೆವು. ಅಮ್ಮ ಕಾರ್ಡನ್ನು ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡಿದ್ದರು, ನೀರು ಹಾರೀತು ಅಂತ.

ಆಮೇಲೆ ಮನೆ ಮನೆಗೆ ಹೇಳಿಕೆ. ನಮ್ಮೂರ ಕೊನೆಯ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಒಂದು ಕಾಲದಲ್ಲಿ ಊರಿನ ಮದುವೆಗಳಿಗೆಲ್ಲ ಚಿತ್ತಾರ ಬರೆದವರು. ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಉಗುರಿನಲ್ಲಿ ಅಂಚನ್ನು ಎಣಿಸಿದರು. "ಈ ಬದಿಗೆ ಒಂದು ಎಳೆ ಕಮ್ಮಿ ಉಂಟಲ್ಲೇ" ಅಂದರು.

ನಾನು ಎಣಿಸಿದೆ. ನಿಜ. ಬಲಗಡೆ ಐದು ಎಳೆ, ಎಡಗಡೆ ನಾಲ್ಕು. ದೊಡ್ಡ ಹಾಳೆಯಲ್ಲಿ ಹೊಡೆದು ಕಾರ್ಡುಗಳನ್ನು ಕಟ್ಟು ಕಟ್ಟಾಗಿ ಕತ್ತರಿಸುತ್ತಾರೆ. ಆಗ ಒಂದೆರಡು ಮಿಲಿಮೀಟರ್ ಆಚೀಚೆ ಸರಿಯುತ್ತದೆ. ನಾವು ಕೊನೆಯ ಎಳೆಯನ್ನು ಕಾಗದದ ತುದಿಗೆ ತೀರಾ ಹತ್ತಿರ ಇಟ್ಟಿದ್ದೆವು. ಕೆಲವು ಕಟ್ಟುಗಳಲ್ಲಿ ಅದು ಕತ್ತರಿಗೆ ಹೋಗಿತ್ತು. ಸುತ್ತ ಐದು ಮಿಲಿಮೀಟರ್ ಖಾಲಿ ಬಿಟ್ಟಿದ್ದರೆ ಉಳಿಯುತ್ತಿತ್ತು. 600 ಕಾರ್ಡನ್ನೂ ಕವರಿಗೆ ಹಾಕಿದವಳು ನಾನು, ನನಗೆ ಕಂಡಿರಲಿಲ್ಲ.

"ಗೋಡೆಗೆ ಬರೆಯುವಾಗ ಸರಿಯಾಗಿ ಹಾಕಲಿಕ್ಕೆ ಹೇಳು" ಅಂತ ಅಜ್ಜಿ ಕಾರ್ಡನ್ನು ದೇವರ ಮುಂದೆ ಇಟ್ಟು ಬಂದರು. ರಾತ್ರಿ ದೊಡ್ಡಮ್ಮನಿಗೆ ಫೋನ್ ಮಾಡಿ ಹೇಳಿದೆ. ಕಾರ್ಡ್ ಕೈಗೆ ಬಂದ ದಿನವೇ ಅವರು ಎಣಿಸಿ ನೋಡಿದ್ದರಂತೆ.