ಕಂತು ನಿಂತಾಗ ಬಂದ ಜೀಪು

ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ಕರೆಂಟು ಬೆಂಗಳೂರನ್ನು ಬಿಟ್ಟು ಸೀದಾ ಕೋಲಾರದ ಚಿನ್ನದ ಗಣಿಗೆ ಹೋಯಿತು. ಗಣಿ ಬ್ರಿಟಿಷ್ ಕಂಪನಿಗಳದು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಕೆ.ಜಿ. ರಸ್ತೆಯಲ್ಲಿ ವಿದ್ಯುತ್ ನಿಗಮದ ಕಚೇರಿ ಇರುವ ಕಾವೇರಿ ಭವನದ ಎದುರು ಬಸ್ಸಿಗೆ ಕಾಯುವಾಗ ಇದು ನೆನಪಾಗುತ್ತದೆ. ಯಾವ ಅಣೆಕಟ್ಟಿನ ಸುದ್ದಿ ಓದಿದರೂ ನಾನು ಮೊದಲು ಹುಡುಕುವುದು ಎರಡು ಸಂಗತಿ: ದುಡ್ಡು ಯಾರದು, ತಂತಿ ಯಾವ ಕಡೆಗೆ ಹೋಗುತ್ತದೆ.

ಘಾನಾ ದೇಶದ ಅಕೊಸೊಂಬೊ ಅಣೆಕಟ್ಟನ್ನೇ ನೋಡಿ. ವಿಶ್ವಬ್ಯಾಂಕ್, ಅಮೆರಿಕ, ಬ್ರಿಟನ್ ಸಾಲ ಕೊಟ್ಟವು, 1965ಕ್ಕೆ ಮುಗಿಯಿತು. ಸುಮಾರು 80,000 ಜನ ಊರು ಬಿಟ್ಟರು. ಕರೆಂಟಿನ ದೊಡ್ಡ ಪಾಲು ಅಮೆರಿಕದ ಕಂಪನಿಗಳ ಅಲ್ಯೂಮಿನಿಯಂ ಕಾರ್ಖಾನೆಗೆ, ಅದೂ ತೀರಾ ಅಗ್ಗದ ದರದಲ್ಲಿ. ಘಾನಾದ ನೆಲದಲ್ಲಿ ಬಾಕ್ಸೈಟ್ ಇದ್ದರೂ ಕಾರ್ಖಾನೆಗೆ ಅಲ್ಯೂಮಿನಾ ಹೊರದೇಶದಿಂದ ಬರುತ್ತಿತ್ತು. ನಿಂತ ನೀರಿನಲ್ಲಿ ಬಸವನಹುಳು ಹೆಚ್ಚಿ ದಡದ ಹಳ್ಳಿಗಳಲ್ಲಿ ಬಿಲ್ಹಾರ್ಜಿಯಾ ಎಂಬ ರೋಗ ಹರಡಿತು. ಅಣೆಕಟ್ಟಿನ ಕೆಳಗೆ ಪ್ರವಾಹ ಬರುವುದು ನಿಂತು, ವೋಲ್ಟಾ ನದಿಯಲ್ಲಿ ಚಿಪ್ಪು ಆರಿಸಿ ಬದುಕುತ್ತಿದ್ದ ಹೆಂಗಸರ ಕಸುಬು ಹೋಯಿತು. ಅವರ ಊರೇನೂ ಮುಳುಗಿರಲಿಲ್ಲ. ಮುಳುಗದವರ ನಷ್ಟ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಇದನ್ನೆಲ್ಲ ಹೇಳಿ "ವಿದೇಶಿ ಸಾಲವೇ ಪಾಪದ ದುಡ್ಡು" ಎಂದು ಮಾತು ಮುಗಿಸುವ ಗೆಳೆಯರು ನನಗಿದ್ದಾರೆ. ನಾನು ಒಪ್ಪುವುದಿಲ್ಲ. ಯಾಕೆಂದರೆ ನಾನು ಮುಳುಗಡೆಯವಳು.

ನಮ್ಮೂರು ಬಾಗಲಕೋಟೆ ಕಡೆ ಘಟಪ್ರಭಾ ದಂಡೆಯ ಮೇಲಿತ್ತು. ಆಲಮಟ್ಟಿ ಕಟ್ಟಿದ್ದು ಕೃಷ್ಣೆಗೆ. ಹಿನ್ನೀರು ಏರಿದ್ದು ನಮ್ಮ ಹೊಳೆಗೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಯೋಜನೆಗೆ 1978ರಿಂದ ವಿಶ್ವಬ್ಯಾಂಕಿನ ಸಾಲ ಬಂತು. ಮುಖ್ಯ ಉದ್ದೇಶ ನೀರಾವರಿ. ಆಮೇಲೆ 290 ಮೆಗಾವಾಟ್ ವಿದ್ಯುತ್ತು. ಅದು ರಾಜ್ಯದ ಜಾಲಕ್ಕೆ ಸೇರುವುದರಿಂದ ವಿಜಯನಗರದ ನನ್ನ ಮನೆಯ ಫ್ಯಾನಿಗೂ ಅದರಲ್ಲಿ ಪಾಲಿದೆ.

ಕಪ್ಪು ಮಣ್ಣಿನ ಎರಿ ಹೊಲ ಹೋಯಿತು, ಪುನರ್ವಸತಿ ಕೇಂದ್ರ ಸಿಕ್ಕಿದ್ದು ಬರಡು ಮಡ್ಡಿ ಮೇಲೆ. ಪರಿಹಾರ ಅಪ್ಪನ ಹೆಸರಿಗೆ ಬಂತು, ಅವ್ವನನ್ನು ಯಾರೂ ಕೇಳಲಿಲ್ಲ. ಆದರೂ ನಮಗೊಂದು ಸರ್ವೆ ನಂಬರ್ ಇತ್ತು. ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದವರಿಗೆ ಅದೂ ಇರಲಿಲ್ಲ. ಅವರಿಗೆ ಸಿಕ್ಕಿದ್ದು ಒಂದು ಜಾಗ, ನಾಲ್ಕು ಗೋಡೆಯ ದುಡ್ಡು. ಹೋದ ಕೂಲಿಗೆ ಲೆಕ್ಕವೇ ಇಲ್ಲ. ಹೊಲವೇ ಇಲ್ಲದ ಮೇಲೆ ಯಾರ ಹೊಲದಲ್ಲಿ ಕೂಲಿ? ಅವರಲ್ಲಿ ಹಲವರು ಗೋವಾದ ಬಸ್ಸು ಹತ್ತಿದರು. ಆ ಮನೆಗಳ ಮಕ್ಕಳು ನನ್ನ ಜತೆ ಶಾಲೆಗೆ ಬರುತ್ತಿದ್ದವರು. ನಾನು ಬೆಂಗಳೂರಿಗೆ ಬಂದು ಲೆಕ್ಕಪತ್ರದ ಕೆಲಸ ಹಿಡಿದೆ. ಈ ಅಂತರಕ್ಕೆ ಕಾರಣ ಬುದ್ಧಿಯಲ್ಲ, ಹೊಲದ ಪಹಣಿ.

1990ರ ದಶಕದಲ್ಲಿ, ಪುನರ್ವಸತಿ ಹಿಂದೆ ಬಿದ್ದಿದೆ ಎಂದು ವಿಶ್ವಬ್ಯಾಂಕ್ ಈ ಯೋಜನೆಯ ಹಣವನ್ನು ಎರಡು ಸಲ ತಡೆಹಿಡಿಯಿತು. ಊರಲ್ಲಿರುವ ನಮ್ಮ ಕಾಕಾ ಇವತ್ತಿಗೂ ಹೇಳುತ್ತಾರೆ: "ರೊಕ್ಕಾ ನಿಂತ ಮ್ಯಾಲ ಸಾಹೇಬ್ರು ಜೀಪ್ ತಗೊಂಡು ಮನಿ ಮನಿಗೆ ಬಂದ್ರು ನೋಡ ಯವ್ವಾ. ಅಲ್ಲೀತನಕಾ ನಾವ ಅವರ ಬಾಗಲಾ ಕಾಯ್ತಿದ್ವಿ." ಬ್ಯಾಂಕಿಗೆ ನಮ್ಮ ಮೇಲೆ ಪ್ರೀತಿ ಇತ್ತೆಂದು ನಾನು ನಂಬುವುದಿಲ್ಲ. ನರ್ಮದೆಯಲ್ಲಿ ಜನ ಎದ್ದು ನಿಂತಿದ್ದರಿಂದ ಅದಕ್ಕೆ ಬಿಸಿ ತಟ್ಟಿತ್ತು. ಅಲ್ಲಿನ ಸರ್ದಾರ್ ಸರೋವರ ಅಣೆಕಟ್ಟಿಗೆ 1985ರಲ್ಲಿ 45 ಕೋಟಿ ಡಾಲರ್ ಮಂಜೂರು ಮಾಡಿದ ಬ್ಯಾಂಕು, ಒತ್ತಡ ತಾಳದೆ ಯೋಜನೆಯನ್ನು ಸ್ವತಂತ್ರವಾಗಿ ಪರಿಶೀಲಿಸಲು ಮೋರ್ಸ್ ಸಮಿತಿ ನೇಮಿಸಬೇಕಾಯಿತು. ಆ ಸಮಿತಿಯ 1992ರ ವರದಿ ಬ್ಯಾಂಕಿನ ಸ್ವಂತ ಲೋಪಗಳನ್ನೇ ಬಿಚ್ಚಿಟ್ಟಿತು. ಮುಂದಿನ ವರ್ಷ ಭಾರತ ಉಳಿದ ಸಾಲ ಬೇಡವೆಂದಿತು, ಬ್ಯಾಂಕು ದೂರು ಕೇಳಲು ತಪಾಸಣಾ ಸಮಿತಿಯೊಂದನ್ನು ರಚಿಸಿತು. ಅಣೆಕಟ್ಟು ಮಾತ್ರ ನಿಲ್ಲಲಿಲ್ಲ. ನಮ್ಮದೇ ದುಡ್ಡಿನಲ್ಲಿ 138.68 ಮೀಟರ್ ಎತ್ತರಕ್ಕೆ ಬೆಳೆದು 2017ರಲ್ಲಿ ಲೋಕಾರ್ಪಣೆಯಾಯಿತು. ಸಾಲ ಕೊಟ್ಟವನು ಎದ್ದು ಹೋದ ಮೇಲೆ ಮುಳುಗುವವರು ಹಿಡಿದು ಜಗ್ಗಬಹುದಾಗಿದ್ದ ಒಂದು ಹಗ್ಗವೂ ಕೈತಪ್ಪಿತು.

ಆ ತಪಾಸಣಾ ಸಮಿತಿಗೆ ಹೋದ ಮೊದಲ ದೂರು ನೇಪಾಳದ ಅರುಣ್-3 ಜಲವಿದ್ಯುತ್ ಯೋಜನೆಯದು. 1995ರಲ್ಲಿ ವಿಶ್ವಬ್ಯಾಂಕ್ ಅಲ್ಲಿಂದ ಹಿಂದೆ ಸರಿಯಿತು. ಈಗ ಅದೇ ಅರುಣ್ ನದಿಗೆ, ಅದೇ ಹೆಸರಿನಲ್ಲಿ, 900 ಮೆಗಾವಾಟ್ ಯೋಜನೆ ಕಟ್ಟುತ್ತಿರುವುದು ನಮ್ಮ ಸಾರ್ವಜನಿಕ ಉದ್ಯಮ ಎಸ್‌ಜೆವಿಎನ್. ಕರೆಂಟಿನ ಬಹುಪಾಲು ಭಾರತಕ್ಕೆ ಬರಲಿದೆ. ಭೂತಾನಿನ ಪುನತ್ಸಾಂಗ್‌ಚು-1 ಜಲವಿದ್ಯುತ್ ಯೋಜನೆಗೂ ಹಣ ಭಾರತದ್ದೇ, ಶೇ 40 ಅನುದಾನ, ಶೇ 60 ಸಾಲ, ಬಡ್ಡಿ ಶೇ 10. 2013ರಲ್ಲಿ ಅಲ್ಲಿ ಅಣೆಕಟ್ಟಿನ ಬಲದಂಡೆಯ ಗುಡ್ಡ ಜಾರಿತು. ವರ್ಷಗಳು ಕಳೆದವು, ವೆಚ್ಚ ಏರಿತು. ಪ್ರಪಂಚದಲ್ಲಿ ಬೆರಳೆಣಿಕೆಯಷ್ಟೇ ಉಳಿದಿರುವ ಬಿಳಿಹೊಟ್ಟೆಯ ಬಕಕ್ಕೆ ಆ ಹೊಳೆಸಾಲೂ ಒಂದು ಆಸರೆ.

ಅಂದರೆ ಈಗ ಸಾಲ ಕೊಡುವ ವಿದೇಶಿಯರು ನಾವು. ತಂತಿಯ ಈ ತುದಿಯಲ್ಲಿ ಇರುವವರೂ ನಾವೇ. ಬೆಂಗಳೂರಿನಲ್ಲಿ ನನ್ನ ಜತೆ ಕೆಲಸ ಮಾಡುವ ಹುಡುಗರು ಜಲವಿದ್ಯುತ್ತನ್ನು ಸ್ವಚ್ಛ ವಿದ್ಯುತ್ ಎನ್ನುತ್ತಾರೆ. ಹೊಗೆ ಇಲ್ಲ, ಅದು ನಿಜ. ಅರುಣ್ ಕಣಿವೆಯ ಹೆಣ್ಣುಮಗಳೊಬ್ಬಳು ನೇಪಾಳಿಯಲ್ಲಿ ಒಂದು ಅರ್ಜಿ ಬರೆದು ಭಾರತದ ಸಾಲದ ಕಂತು ನಿಲ್ಲಿಸಬಹುದೇ ಎಂದು ನಾನು ಅವರನ್ನು ಕೇಳುತ್ತೇನೆ. ನಮಗೆ ವಾಷಿಂಗ್ಟನ್ನಿನ ಬ್ಯಾಂಕಿನಿಂದ ಸಿಕ್ಕ ಅಷ್ಟು ಮಾತ್ರದ ಆಸರೆಯನ್ನು ನಾವು ನೆರೆಯವರಿಗೆ ಕೊಡಲಾರೆವೇ? ನನ್ನ ಕೆಲಸದಲ್ಲಿ ಇದು ದೊಡ್ಡ ವಿದ್ಯೆಯೇನಲ್ಲ. ಕಾಂಕ್ರೀಟಿನ ಬಿಲ್ಲಿಗೆ ಕಂತು ಬಿಡುವ ಮುಂಚೆ, ಕೆಲಸ ಎಷ್ಟಾಗಿದೆ ಎಂದು ಬರೆದಿಟ್ಟ ಅಳತೆ ಪುಸ್ತಕ ನೋಡುತ್ತೇವಲ್ಲ, ಮನೆ, ಶಾಲೆ, ಕುಡಿಯುವ ನೀರಿಗೂ ಅಂಥದ್ದೇ ಅಳತೆ ಪುಸ್ತಕ ಇಟ್ಟು, ಅದು ತುಂಬುವ ತನಕ ಗೇಟು ಇಳಿಸಬಾರದು, ಹಣ ಬಿಡಬಾರದು. ಕೂಲಿ ಕಳೆದುಕೊಂಡವರ ಹೆಸರು ಅದರ ಮೊದಲ ಪುಟದಲ್ಲಿರಬೇಕು.

ಆಲಮಟ್ಟಿಯ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸುವ ಮಾತು ಮತ್ತೆ ಜೋರಾಗಿದೆ. ಈ ಸಲ ಹಣ ತಡೆಯಲು ಹೊರಗಿನ ಬ್ಯಾಂಕಿಲ್ಲ. ಕಾಕಾನ ಉಳಿದ ಹೊಲ ಆ ಗೆರೆಯೊಳಗೆ ಬರುತ್ತದೆ. "ನೀರ ಬಿಡೂಕಿಂತ ಮೊದಲ ಒಮ್ಮೆಲೇ ಪೂರ್ತಿ ರೊಕ್ಕಾ ಕೊಡ್ಲಿ, ತುಣುಕು ತುಣುಕು ಬ್ಯಾಡ" ಎಂದು ಅರ್ಜಿ ಬರೆದುಕೊಡಲು ಹೇಳಿದ್ದಾರೆ. ಬರೆಯುತ್ತಿದ್ದೇನೆ. ಜತೆಗೆ ಅವರ ಹೊಲಕ್ಕೆ ದುಡಿಯಲು ಬರುವವರ ಹೆಸರುಗಳನ್ನೂ ಕಳಿಸಿ ಎಂದು ಕೇಳಿದ್ದೇನೆ.