ಕೆರೆ ನೋಟ್‌ಬುಕ್: ಮೂರನೇ ಭೇಟಿ ಮುಗಿದ ಮೇಲೆ

ಹೋದ ವರ್ಷದವರೆಗೆ ನಮ್ಮ ಸ್ಕೂಲಿನ ಹಳ್ಳಿ ಪ್ರವಾಸ ಅಂದರೆ ಒಂದೇ ದಿನದ ಕೆಲಸ. ಬೆಳಿಗ್ಗೆ ಏಳಕ್ಕೆ ಬೆಂಗಳೂರು ಬಿಡೋದು, ಎತ್ತಿನಗಾಡಿ ಹತ್ತೋದು, ಬಾಳೆಎಲೆ ಊಟ, ಫೋಟೊ, ಕತ್ತಲಾಗೋ ಹೊತ್ತಿಗೆ ವಾಪಸ್. ಮಾರನೇ ದಿನ ‘ಹಳ್ಳಿಯ ಜೀವನ ಸರಳ ಮತ್ತು ಸುಂದರ’ ಅಂತ ನಲವತ್ತು ಪ್ರಬಂಧ. ತಿದ್ದಿ ತಿದ್ದಿ ನನಗೇ ಸಾಕಾಗಿತ್ತು. ಈ ವರ್ಷ ಎಂಟನೇ ಕ್ಲಾಸಿಗೆ ಒಂದೇ ಊರು, ಮೂರು ಸಲ ಅಂತ ಹಟ ಹಿಡಿದೆ. ಕೋಲಾರ ತಾಲ್ಲೂಕಿನ ಊರು. ಹೆಸರು ಬರೆಯಬಹುದಾ ಅಂತ ಅಲ್ಲಿಯವರನ್ನು ಕೇಳಿಲ್ಲ, ಹಾಗಾಗಿ ಬರೆಯೋದಿಲ್ಲ.

ಜುಲೈ

ಕೈಯಲ್ಲಿ ಇಪ್ಪತ್ತೈದು ಪ್ರಶ್ನೆಗಳ ಫಾರಂ ಇತ್ತು. ನಾನೇ ಟೈಪ್ ಮಾಡಿದ್ದು, ಹೆಮ್ಮೆಯೂ ಇತ್ತು. ಮೊದಲ ಮನೆಯಲ್ಲೇ ಅದರ ಕಥೆ ಮುಗೀತು. ಬಾಗಿಲಲ್ಲಿ ಕೂತು ಅವರೆಕಾಳು ಆರಿಸ್ತಿದ್ದ ಅಜ್ಜಿಯನ್ನು ನಮ್ಮ ಹುಡುಗ ಕೇಳಿದ: “ನಿಮ್ಮ ವಾರ್ಷಿಕ ಆದಾಯ ಎಷ್ಟು?”

ಅಜ್ಜಿ ಮೊರದಿಂದ ತಲೆ ಎತ್ತಲಿಲ್ಲ. “ನಿಮ್ಮಪ್ಪಂದು ಎಷ್ಟಪ್ಪ ಸಂಬಳ?”

ಅವನು ನನ್ನ ಮುಖ ನೋಡಿದ. ಗೊತ್ತಿಲ್ಲ ಅಂದ.

“ನಿಮ್ಮನೇದೇ ನಿಂಗೆ ಗೊತ್ತಿಲ್ಲ, ನಂದು ಬರ್ಕೊಳ್ಳಕ್ಕೆ ಬಂದವ್ನೆ.” ಪಕ್ಕದಲ್ಲಿದ್ದವರಿಗೆ ತೆಲುಗಿನಲ್ಲಿ ಇನ್ನೇನೋ ಹೇಳಿದರು, ಎಲ್ಲರೂ ನಕ್ಕರು. (ಈ ಕಡೆ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಮೇಷ್ಟರ ಮುಂದೆ ಕನ್ನಡ. ನಮ್ಮ ಮಕ್ಕಳಿಗೆ ಅದೂ ಹೊಸ ವಿಷಯ.)

ಮಧ್ಯಾಹ್ನ ಫಾರಂಗಳನ್ನೆಲ್ಲ ವಾಪಸ್ ತಗೊಂಡು ಬ್ಯಾಗಿಗೆ ತುಂಬಿದೆ. ಹೊಸ ನಿಯಮ: ನೋಟ್‌ಬುಕ್ಕಿನ ಬಲಗಡೆ ಪುಟದಲ್ಲಿ ನೀವು ಕೇಳೋದು, ಎಡಗಡೆ ಪುಟದಲ್ಲಿ ಅವರು ನಿಮ್ಮನ್ನು ಕೇಳೋದು. ನಿಮಗೆ ಉತ್ತರ ಬರದ ಪ್ರಶ್ನೆಯನ್ನು ಇನ್ನೊಬ್ಬರಿಗೆ ಕೇಳಬೇಡಿ.

ಎಡಗಡೆ ಪುಟ ಬೇಗ ತುಂಬಿತು. ಕೆರೆ ಏರಿ ಮೇಲೆ ಸಿಕ್ಕ ನೀರಗಂಟಿ (ಕೆರೆ ನೀರನ್ನು ಗದ್ದೆಗಳಿಗೆ ಹಂಚೋ ಕೆಲಸದವರು) ತಾತ ಕೇಳಿದ್ದು ಅದರಲ್ಲಿ ಮುಖ್ಯವಾದದ್ದು. “ನಿಮ್ಮನೆ ನಲ್ಲೀಲಿ ನೀರು ಎಲ್ಲಿಂದ ಬತ್ತದೆ?” ಕಾವೇರಿ ಅಂತ ಎಲ್ಲರೂ ಕೂಗಿದರು. “ಬಳಸಿದ್ದು ಎಲ್ಲಿಗೋಯ್ತದೆ?” ಯಾರೂ ಬಾಯಿ ಬಿಡಲಿಲ್ಲ. ತಾತ ಗಲ್ಲ ಎತ್ತಿ ಕೆರೆ ತೋರಿಸಿದರು.

ಆಗಸ್ಟ್, ಕ್ಲಾಸಿನಲ್ಲಿ

ಎರಡು ವಾರ ಆ ಒಂದು ಪ್ರಶ್ನೆಗೇ ಹೋಯಿತು, ಪಾಠ ಹಿಂದೆ ಬಿತ್ತು. ಗೋಡೆ ಮೇಲೆ ದೊಡ್ಡ ನಕ್ಷೆ ಬರೆದೆವು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಹಂತದಲ್ಲಿ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಬೆಂಗಳೂರಿಗೆ ಎತ್ತುತ್ತಾರೆ. ಬಚ್ಚಲಿನಿಂದ ಹೊರಟದ್ದರಲ್ಲಿ ಒಂದು ಭಾಗ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಣ ಘಟಕಗಳಿಗೆ ಬಂದು, ಅಲ್ಲಿಂದ ಪೈಪಿನಲ್ಲಿ ಕೋಲಾರದ ಕಡೆ ಹೋಗುತ್ತದೆ. ಕೆ.ಸಿ. ವ್ಯಾಲಿ ಅಂತ ಊರವರು ಹೇಳೋದು ಇದನ್ನೇ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಯೋಜನೆಯ ಲೆಕ್ಕ ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ. ನದಿಯೊಂದು ವರ್ಷವಿಡೀ ಹರಿಯದ, ಬೋರ್‌ವೆಲ್ ಸಾವಿರ ಅಡಿ ದಾಟಿದ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಅನ್ನೋ ಜಗಳ ಕೋರ್ಟಿನವರೆಗೆ ಹೋದದ್ದನ್ನೂ ನಕ್ಷೆಯ ಪಕ್ಕ ಬರೆಸಿದೆ.

‘ಅಂದರೆ ಅದು ನಮ್ಮ ಫ್ಲಶ್ಶಾ ಸಾರ್?’ ಅಂತ ಒಬ್ಬಳು ಕೇಳಿದಾಗ ಕ್ಲಾಸು ನಕ್ಕಿತು. ನಗು ನಿಲ್ಲೋಕೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಯಾರೂ ಏನೂ ಮಾತಾಡಲಿಲ್ಲ.

ಸೆಪ್ಟೆಂಬರ್

ಉಪಕರಣ ತಯಾರಿ: ಅಡಿಗೊಂದು ಗಂಟು ಹಾಕಿದ ತೆಂಗಿನ ನಾರಿನ ಹಗ್ಗ, ತುದಿಗೆ ಕಲ್ಲು, ನೀರಿನ ತಿಳಿ ಅಳೆಯೋಕೆ ಕಪ್ಪು ಬಿಳಿ ಬಣ್ಣ ಹೊಡೆದ ಸ್ಟೀಲ್ ತಟ್ಟೆ. ತಟ್ಟೆಯ ಬಣ್ಣ ಎರಡನೇ ಸಲ ಮುಳುಗಿಸುವಾಗಲೇ ಸಿಪ್ಪೆ ಎದ್ದಿತು. ಹಗ್ಗವೂ ನೆನೆದು ಬಿಗಿದುಕೊಂಡು ಗಂಟುಗಳ ಅಂತರವೇ ಬದಲಾಗಿತ್ತು. ಟೇಪ್ ಹಿಡಿದು ಎಲ್ಲ ಮತ್ತೆ ಅಳೆಯಬೇಕಾಯಿತು.

ಹೊಲದಲ್ಲಿ ಕಳೆ ಕೀಳೋ ಕೆಲಸ ಕೊಟ್ಟರು. ರಾಗಿ ಪೈರಿನಂತೆಯೇ ಕಾಣೋ ಒಂದು ಹುಲ್ಲಿದೆ. ಮಕ್ಕಳು ಅರ್ಧ ಗಂಟೆಯಲ್ಲಿ ರಾಗಿಯನ್ನೇ ಒಂದು ಹೊರೆ ಕಿತ್ತಿಟ್ಟರು. ಯಜಮಾನರು ಬೈಯಲಿಲ್ಲ. ಕಿತ್ತ ಒಂದು ರಾಗಿ ಗಿಡ, ಒಂದು ಹುಲ್ಲು ಎರಡನ್ನೂ ಅಂಗೈ ಮೇಲಿಟ್ಟು ಬುಡದ ಬಣ್ಣ ತೋರಿಸಿದರು, ಆಮೇಲೆ ಮಕ್ಕಳನ್ನು ಅಕ್ಕಡಿ ಸಾಲಿಗೆ ಕಳಿಸಿದರು. ಅಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಇದ್ದವು. ಅವನ್ನು ರಾಗಿ ಅಂತ ತಪ್ಪು ತಿಳಿಯೋಕೆ ಸಾಧ್ಯವೇ ಇಲ್ಲ. ಮಳೆ ಕೈಕೊಟ್ಟು ರಾಗಿ ಹೋದರೂ ಸಾರಿಗೆ ಕಾಳು ಉಳಿಯಲಿ ಅಂತ ಈ ಸಾಲು. ನಾನು ಪಾಠದಲ್ಲಿ ‘ಮಿಶ್ರ ಬೆಳೆ’ ಅಂತ ಒಂದು ಸಾಲಿನಲ್ಲಿ ಹೇಳಿ ಮುಗಿಸೋದು ಇದನ್ನೇ.

ಊಟದ ಹೊತ್ತಿಗೆ ಇನ್ನೊಂದು. ನಾವೆಲ್ಲ ಜಗಲಿ ಮೇಲೆ ಕೂತಿದ್ದೆವು. ನೀರಗಂಟಿ ತಾತ ಕೆಳಗೆ, ನಾವು ಬಿಟ್ಟ ಚಪ್ಪಲಿಗಳ ಪಕ್ಕ ಕುಕ್ಕರಗಾಲಲ್ಲಿ. ಬಸ್ಸಿನಲ್ಲಿ ಒಬ್ಬಳು ಯಾಕೆ ಅಂತ ಕೇಳಿದಳು. ಈ ಸೀಮೆಯಲ್ಲಿ ನೀರಗಂಟಿ ಕೆಲಸ ಹೆಚ್ಚಾಗಿ ದಲಿತ ಮನೆಗಳಲ್ಲಿ ತಲೆಮಾರಿನಿಂದ ಬಂದದ್ದು, ಕೂಲಿ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಸಿಗುತ್ತಿತ್ತು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೀರ್ಮಾನ ಮಾಡ್ತಿದ್ದ ಕೈ ಅವರದೇ ಅಂತ ಹೇಳಿದೆ. ‘ಮತ್ತೆ ಕೆಳಗೆ ಯಾಕೆ?’ ಅಂದಳು. ನಾನು ಇತಿಹಾಸ ಹೇಳಿ ಪ್ರಶ್ನೆ ತಪ್ಪಿಸಿಕೊಂಡಿದ್ದೆ, ಅವಳಿಗೆ ಅದು ಗೊತ್ತಾಗಿತ್ತು.

ಡಿಸೆಂಬರ್

ಕೊಯ್ಲು ಮುಗಿದಿತ್ತು. ಕಣ, ರೋಣಗಲ್ಲು ತೋರಿಸೋಣ ಅಂದುಕೊಂಡಿದ್ದೆ; ರಾಗಿ ತೆನೆ ಟಾರು ರಸ್ತೆ ಮೇಲೆ ಹರಡಿತ್ತು, ನಮ್ಮ ಬಸ್ಸೇ ಅದರ ಮೇಲೆ ಹೋಗಿ ಒಕ್ಕಣೆ ಮಾಡಿತು. ಮಕ್ಕಳಿಗೆ ಖುಷಿ, ಡ್ರೈವರಿಗೆ ಸಿಟ್ಟು.

ಏರಿ ಕೆಳಗಿನ ತೆರೆದ ಬಾವಿಯ ಅಳತೆ: ನೀರಿನ ಮಟ್ಟ ಜುಲೈಯಲ್ಲಿ 41 ಅಡಿ ಕೆಳಗೆ (ಇದು ಮನೆಯವರು ಹೇಳಿದ್ದು), ಸೆಪ್ಟೆಂಬರಿನಲ್ಲಿ 38, ಈಗ 33. ‘ನಮ್ಮ ನೀರಿಂದಲೇ ಏರಿದ್ದು’ ಅಂತ ಒಂದು ಗುಂಪು ದೊಡ್ಡಕ್ಷರದಲ್ಲಿ ಬರೆದಿತ್ತು. ಹಿಂಗಾರು ಮಳೆ ಏನಾಯ್ತು ಅಂತ ಕೇಳಿದೆ. ಅಳಿಸಿದರು. ಪೈಪಿನ ನೀರು ಬಾರದ ಕೆರೆಯ ಕೆಳಗೂ ಒಂದು ಬಾವಿ ಅಳೆಯದೆ ಇದನ್ನು ಬಿಡಿಸೋಕಾಗಲ್ಲ. ಮುಂದಿನ ವರ್ಷಕ್ಕೆ.

ಕೊನೆಗೆ ತೂಬು, ಅಂದರೆ ಕೆರೆ ನೀರನ್ನು ಗದ್ದೆಗಳ ಕಡೆ ಬಿಡೋ ಬಾಗಿಲು. ಎರಡು ಕಲ್ಲುಕಂಬ, ಮೇಲೊಂದು ಅಡ್ಡಗಲ್ಲು, ಸುತ್ತ ನೀರು. ತೂಬು ಎತ್ತಿ ತೋರಿಸಿ ಅಂತ ಹುಡುಗರು ದುಂಬಾಲು ಬಿದ್ದರು. ಈ ನೀರು ಅಂತರ್ಜಲಕ್ಕೆ ಇಂಗಲಿ ಅಂತ ಬಿಡೋದು, ಕೆರೆಯಿಂದ ನೇರವಾಗಿ ಹೊಲಕ್ಕೆ ಹರಿಸೋ ಹಾಗಿಲ್ಲ. ತಾತ ಹೇಳಿದ್ದನ್ನು ಒಬ್ಬ ಹಾಗೇ ಬರೆದುಕೊಂಡಿದ್ದಾನೆ: “ಕೆರೆ ಬತ್ತಿದ್ದಾಗ ಎತ್ತಕ್ಕೆ ನೀರಿಲ್ಲ. ಈಗ ನೀರೈತೆ, ಎತ್ತಂಗಿಲ್ಲ.”

ಊಟಕ್ಕೆ ಅದೇ ಜಗಲಿ. ಬಸ್ಸಿನಲ್ಲಿ ಪ್ರಶ್ನೆ ಕೇಳಿದ್ದ ಹುಡುಗಿ ತಟ್ಟೆ ಹಿಡಿದು ಇಳಿದು ತಾತನ ಪಕ್ಕ ಕೂತಳು. “ಮೇಲೆ ಬಾರಮ್ಮ, ಬಟ್ಟೆ ಕೊಳೆಯಾಯ್ತದೆ” ಅಂತ ಮನೆಯವರು ಕರೆದರು. ಕರೆದದ್ದು ಅವಳನ್ನು ಮಾತ್ರ. ಅವಳು ಏಳಲಿಲ್ಲ. ತಾತ ಸ್ವಲ್ಪ ಸರಿದು, ಚಪ್ಪಲಿಗಳನ್ನು ಆ ಕಡೆ ತಳ್ಳಿ ಜಾಗ ಮಾಡಿಕೊಟ್ಟರು.

ಬಾಕಿ

ತಟ್ಟೆಗೆ ಹೊಸ ಬಣ್ಣ, ಈ ಸಲ ಎನಾಮಲ್. ನಾರಿನ ಬದಲು ನೈಲಾನ್ ಹಗ್ಗ. ಎಡಗಡೆ ಪುಟದಲ್ಲಿ ಉಳಿದಿರೋದು ಹದಿನೇಳು ಪ್ರಶ್ನೆ. ಅಜ್ಜಿಯದು ಇನ್ನೂ ಹಾಗೇ ಇದೆ, ಆ ಹುಡುಗ ಅಪ್ಪನನ್ನು ಕೇಳಿ ಬೈಸಿಕೊಂಡನಂತೆ. ‘ಇದನ್ನ ಅಲ್ಲಿ ಸೋಸೋರು ಯಾರು, ಹೆಂಗೆ ಸೋಸ್ತಾರೆ?’ ಅನ್ನೋದು ತಾತನ ಪ್ರಶ್ನೆ. ಅದಕ್ಕಾಗಿ ಶುದ್ಧೀಕರಣ ಘಟಕ ನೋಡೋಕೆ ಅನುಮತಿ ಕೇಳಿ ಮಕ್ಕಳೇ ಪತ್ರ ಬರೆದಿದ್ದಾರೆ. ಎರಡು ಸಲ ಹೋಗಿದೆ, ಉತ್ತರ ಬಂದಿಲ್ಲ. ಮೂರನೆಯ ಪತ್ರದಲ್ಲಿ ಬರುವವರ ಪಟ್ಟಿ ತಿದ್ದಿದ್ದಾರೆ: ಮಕ್ಕಳು 38, ಶಿಕ್ಷಕರು 2, ನೀರಗಂಟಿ 1.