ಡಿಸೆಂಬರಿನ ನಾರ್ಮಂಡಿ: ಕೊಡಗಿನಿಂದ ಹೊರಡುವವರಿಗೆ

1944ರ ಜೂನ್ 6ರಂದು ಮಿತ್ರಪಡೆಗಳು ಇಳಿದ ಫ್ರಾನ್ಸಿನ ನಾರ್ಮಂಡಿ ಕರಾವಳಿ ಬೇಸಿಗೆಯಲ್ಲಿ ಬಸ್ಸುಗಟ್ಟಲೆ ಜನರಿಂದ ತುಂಬಿರುತ್ತದೆ. ಚಳಿಗಾಲದಲ್ಲಿ ಅದೇ ಮರಳಿನ ಮೇಲೆ ಹತ್ತು ಜನ ಸಿಕ್ಕರೆ ಹೆಚ್ಚು. ಸೈನ್ಯದ ನಂಟಿರುವ ಕೊಡಗಿನ ಮನೆಗಳವರು ನೆಲವನ್ನೇ ನೋಡಿ ಯುದ್ಧವನ್ನು ಅರ್ಥಮಾಡಿಕೊಳ್ಳಲು ಹೊರಟಿದ್ದರೆ ಇದೇ ಸರಿಯಾದ ಕಾಲ. ಆದರೆ ಯೋಜನೆಯನ್ನು ಮ್ಯೂಸಿಯಂಗಳ ಸುತ್ತ ಹೆಣೆಯಬೇಡಿ; ಬೆಳಕು ಮತ್ತು ಕಡಲಿನ ಇಳಿತದ ಸುತ್ತ ಹೆಣೆಯಿರಿ.

ಮೊದಲು ತಿಂಗಳು. ಜನವರಿ ಬೇಡ. ಆಗ ಆರೊಮಾಂಶ್‌ನ ಮ್ಯೂಸಿಯಂ, ಕೂರ್ಸೂಲ್‌ನ ಜೂನೊ ಬೀಚ್ ಸೆಂಟರ್ ಎರಡೂ ಮುಚ್ಚಿರುತ್ತವೆ, ಇಲ್ಲಿ ರೊಬಸ್ಟಾ ಕುಯ್ಲೂ ಶುರುವಾಗಿರುತ್ತದೆ. ಪುತ್ತರಿ ಮುಗಿಸಿ ಹೊರಟು ಕ್ರಿಸ್‌ಮಸ್‌ಗೆ ಮೊದಲು ಮರಳುವುದು ಒಳ್ಳೆಯದು. ಅರೇಬಿಕಾ ಕುಯ್ಲು ನೋಡಿಕೊಳ್ಳಲು ಮಾತ್ರ ಮನೆಯಲ್ಲಿ ಯಾರಾದರೂ ಇರಬೇಕು.

ಫ್ರಾನ್ಸಿಗೆ ಬೇಕಾದ ಷೆಂಗನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬೆರಳಚ್ಚಿಗೆ ಬೆಂಗಳೂರಿಗೆ ಹೋಗಬೇಕು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ವೀಸಾ ಕೈಗೆ ಬಂದ ಕೂಡಲೇ ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಇದನ್ನು ಕೊನೆಯ ವಾರಕ್ಕೆ ಬಿಟ್ಟವರು ಬಸ್ಸಿನ ಪಾಲಾಗುತ್ತಾರೆ, ಚಳಿಗಾಲದಲ್ಲಿ ಈ ಕರಾವಳಿಯ ಬಸ್ಸುಗಳು ತೀರಾ ಕಡಿಮೆ. ಕಾರು ಬಾಡಿಗೆಯ ಠೇವಣಿಗೆ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಫಾರೆಕ್ಸ್ ಕಾರ್ಡನ್ನು ಎಷ್ಟೋ ಕಡೆ ಒಪ್ಪುವುದಿಲ್ಲ. ಆಟೊಮ್ಯಾಟಿಕ್ ಗೇರ್ ಬೇಕಿದ್ದರೆ ಮೊದಲೇ ಹೇಳಿಡಿ. ರಸ್ತೆಯ ಬಲಬದಿಯಲ್ಲಿ ಓಡಿಸುವ ಹೊಸ ಅಭ್ಯಾಸದ ಜೊತೆಗೆ ಬಲಗೈಯಲ್ಲಿ ಗೇರ್ ಬದಲಿಸುವ ತಡಕಾಟವೂ ಬೇಡ.

ಪ್ಯಾರಿಸ್ಸಿನ ಸೇಂಟ್ ಲಜಾರ್ ನಿಲ್ದಾಣದಿಂದ ಕಾಂ (Caen) ನಗರಕ್ಕೆ ರೈಲಿನಲ್ಲಿ ಸುಮಾರು ಎರಡು ತಾಸು. ಅಲ್ಲಿ ಕಾರು ತೆಗೆದುಕೊಂಡು ಬಾಯೂ ಪಟ್ಟಣದಲ್ಲಿ ಉಳಿಯಿರಿ. ಆರೊಮಾಂಶ್ ಅಲ್ಲಿಂದ ಸುಮಾರು 10 ಕಿ.ಮೀ., ಅಮೆರಿಕನ್ ಪಡೆ ಇಳಿದ ಒಮಾಹಾ ತೀರ 20 ಕಿ.ಮೀ. ಒಳಗೆ. ಬಾಯೂವಿನ ಪ್ರಸಿದ್ಧ ಕಸೂತಿಪಟದ ಮ್ಯೂಸಿಯಂ ನವೀಕರಣಕ್ಕಾಗಿ 2025ರ ಸೆಪ್ಟೆಂಬರಿನಲ್ಲಿ ಮುಚ್ಚಿದೆ, ಮತ್ತೆ ತೆರೆಯುವ ಯೋಜನೆ ಇರುವುದು 2027ಕ್ಕೆ.

ಇನ್ನು ಮುಖ್ಯ ಸಂಗತಿ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 9ರ ಹೊತ್ತಿಗೆ, ಮುಳುಗುವುದು ಸಂಜೆ 5ಕ್ಕೆ. ಈ ಎಂಟು ಗಂಟೆಯೊಳಗೆ ಸಮುದ್ರ ಇಳಿದಿರಬೇಕು. ಮಿತ್ರಪಡೆಗಳು ನಸುಕಿಗೆ ನೀರು ಇಳಿದು ಮತ್ತೆ ಏರತೊಡಗುವ ಹೊತ್ತನ್ನೇ ಆರಿಸಿದ್ದವು. ಜರ್ಮನರು ನೆಟ್ಟ ಕಬ್ಬಿಣದ ಅಡ್ಡಗಳು ಆಗ ಕಣ್ಣಿಗೆ ಬೀಳುತ್ತಿದ್ದವು. ಅದಕ್ಕೆ ತೆತ್ತ ಬೆಲೆ, ಸುಮಾರು 300 ಮೀಟರ್ ಬಯಲು ಮರಳನ್ನು ಗುಂಡಿನ ಸುರಿಮಳೆಯಲ್ಲಿ ದಾಟಬೇಕಾದದ್ದು. ಉಬ್ಬರದ ಹೊತ್ತಿನಲ್ಲಿ ಒಮಾಹಾಕ್ಕೆ ಹೋದರೆ ಒಂದು ಪಟ್ಟಿ ಮರಳು ಕಾಣುತ್ತದೆ, ಯುದ್ಧ ಕಾಣುವುದಿಲ್ಲ. ಇಳಿತದಲ್ಲಿ ನೀರಿನಂಚಿಗೆ ನಡೆದು, ದಿಬ್ಬದ ಕಡೆ ತಿರುಗಿ ನಿಲ್ಲಿ. ಯಾವ ಮ್ಯೂಸಿಯಂ ಹೇಳದ್ದನ್ನು ಆ ದೂರ ಹೇಳುತ್ತದೆ.

ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಇಳಿತ ದೊಡ್ಡದು, ಆದರೆ ಆ ದಿನ ಅದು ಬರುವುದು ಸೂರ್ಯ ಮುಳುಗುವ ಹೊತ್ತಿಗೆ, ಮರುದಿನದಿಂದ ಕತ್ತಲಲ್ಲಿ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ, ಎರಡು ಮೂರು ದಿನ ಮೊದಲು ಹೋದರೆ ಮಧ್ಯಾಹ್ನದ ಬೆಳಕಿನಲ್ಲೇ ಸಿಗುತ್ತದೆ. ಪುತ್ತರಿ ಹುಣ್ಣಿಮೆಯ ಆಸುಪಾಸಿನಲ್ಲೇ ಬರುವುದರಿಂದ ಮುಂದಿನ ಅಮಾವಾಸ್ಯೆಗೆ ಮೂರು ದಿನ ಮೊದಲು ತೀರದಲ್ಲಿರುವಂತೆ ಟಿಕೆಟ್ ಮಾಡಿ. ಖಚಿತ ಸಮಯಕ್ಕೆ ಪ್ರವಾಸಿ ಕಚೇರಿಯ ಉಬ್ಬರ-ಇಳಿತ ಪಟ್ಟಿ ನೋಡಿ. ಅದರಲ್ಲಿ 20ರಿಂದ 120ರವರೆಗಿನ ಒಂದು ಅಂಕಿ ಇರುತ್ತದೆ; ಹೆಚ್ಚಿದ್ದಷ್ಟೂ ನೀರು ದೂರ ಸರಿಯುತ್ತದೆ.

ಆರೊಮಾಂಶ್‌ನಲ್ಲಿ ಮಿತ್ರಪಡೆಗಳು ಕಟ್ಟಿದ ಕೃತಕ ಬಂದರಿನ ಕಾಂಕ್ರೀಟ್ ಪೆಟ್ಟಿಗೆಗಳ ಹತ್ತಿರ ನಡೆಯಲಾಗುವುದೂ ಇಳಿತದಲ್ಲೇ. ಒಂದೂವರೆ ತಾಸು ಮೊದಲು ಹೊರಟು, ನೀರು ತಿರುಗುವ ಹೊತ್ತಿಗೆ ದಡದತ್ತ ಮುಖಮಾಡಿ. ಉಬ್ಬರ ನೇರವಾಗಿ ಬರುವುದಿಲ್ಲ, ಮರಳಿನ ತಗ್ಗುಗಳಲ್ಲಿ ಹಿಂದಿನಿಂದ ಸುತ್ತಿಕೊಂಡು ದಾರಿ ಕಡಿಯುತ್ತದೆ.

ನೀರು ಏರಿದಾಗ ಮೇಲಿನ ಜಾಗಗಳು. ಲಾಂಗ್-ಸುರ್-ಮೇರ್‌ನ ಫಿರಂಗಿ ಠಾಣೆಯಲ್ಲಿ ಜರ್ಮನ್ ಫಿರಂಗಿಗಳು ಇನ್ನೂ ಇದ್ದಲ್ಲೇ ಇವೆ, ಪ್ರವೇಶ ಉಚಿತ. ಪ್ವಾಂತ್ ದು ಓಕ್‌ನಲ್ಲಿ ಅಮೆರಿಕನ್ ರೇಂಜರ್‌ಗಳು ಹಗ್ಗ ಹಿಡಿದು ಹತ್ತಿದ ಸುಮಾರು 30 ಮೀಟರ್ ಬಂಡೆ ಈಗಲೂ ಕುಸಿಯುತ್ತಿದೆ, ಬೇಲಿ ದಾಟಬೇಡಿ. ಬಂಕರ್ ಮೆಟ್ಟಿಲುಗಳೂ ಜಾರುತ್ತವೆ. 9,000ಕ್ಕೂ ಹೆಚ್ಚು ಸಮಾಧಿಗಳಿರುವ ಕಾಲ್‌ವಿಲ್‌ನ ಅಮೆರಿಕನ್ ಸ್ಮಶಾನಕ್ಕೆ ರಜೆ ಡಿಸೆಂಬರ್ 25 ಮತ್ತು ಜನವರಿ 1 ಮಾತ್ರ. ಬಾಯೂವಿನ ಕಾಮನ್‌ವೆಲ್ತ್ ಸ್ಮಶಾನವನ್ನು ಬಿಡಬೇಡಿ. ಅಲ್ಲಿ ಹೆಚ್ಚಿನ ಕಲ್ಲುಗಳ ಮೇಲೆ ರೆಜಿಮೆಂಟಿನ ಚಿಹ್ನೆ ಇದೆ, ಮಿಲಿಟರಿ ಮನೆಯವರಿಗೆ ಒಂದು ತಾಸೂ ಸಾಲದು.

ಹೊರಡುವ ಮೊದಲು ಮಡಿಕೇರಿಯ ಸನ್ನಿ ಸೈಡ್‌ಗೆ, ಜನರಲ್ ತಿಮ್ಮಯ್ಯನವರ ಮ್ಯೂಸಿಯಂಗೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಅವರು 1945ರ ಜನವರಿಯಲ್ಲಿ ಬರ್ಮಾದ ಅರಾಕಾನ್ ಕರಾವಳಿಯ ಕಾಂಗಾವ್‌ನಲ್ಲಿ ಹೋರಾಡಿದವರು. ಅದೂ ನೀರಿನ ಕಡೆಯಿಂದ ಇಳಿದು ನಡೆಸಿದ ಯುದ್ಧವೇ.

ಬಟ್ಟೆಯ ವಿಷಯದಲ್ಲಿ ನಮ್ಮ ಮಳೆಗಾಲದ ಅನುಭವ ಅರ್ಧ ಮಾತ್ರ ಸಾಕು. ಅಲ್ಲಿನ ಹಗಲು 10 ಡಿಗ್ರಿ ದಾಟುವುದು ಕಷ್ಟ, ಗಾಳಿಗೆ ಕೊಡೆ ನಿಲ್ಲದು. ಗಾಳಿ ತಡೆಯುವ ಟೊಪ್ಪಿಯ ಜಾಕೆಟ್, ಒಳಗೆ ಉಣ್ಣೆ, ನೀರಿಳಿಯದ ಶೂ ಬೇಕು. ಊಟ 12ರಿಂದ 2ರೊಳಗೆ ಮುಗಿಸಿ. ಭಾನುವಾರ ಸಂಜೆ ಮತ್ತು ಸೋಮವಾರ ಹೋಟೆಲುಗಳು ಮುಚ್ಚಿರುವುದೇ ಹೆಚ್ಚು, ಬ್ರೆಡ್ಡು ಹಣ್ಣು ಕಾರಿನಲ್ಲಿರಲಿ. ಮರಳಿನಲ್ಲಿ ತುಕ್ಕು ಹಿಡಿದ ಲೋಹ ಕಂಡರೆ ಮುಟ್ಟಬೇಡಿ. ಸಿಡಿಯದ ಮದ್ದುಗುಂಡು ಅಲ್ಲಿ ಇಂದಿಗೂ ಸಿಗುತ್ತದೆ.